ರತ್ನಾಗಿರಿಯಲ್ಲಿ ಇಳಿದವರು

ನಿನ್ನೆ ನಮ್ಮ ಬಾವಿಗೆ ಹೊಸ ಹಗ್ಗ ಬಂತು. ಗೋಕಾಕದ ಪೇಟೆಯಿಂದ ತರಿಸಿದ ತೆಂಗಿನ ನಾರಿನ ಹಗ್ಗ. ಹೊಸ ಹಗ್ಗವನ್ನು ಒಂದು ರಾತ್ರಿ ನೆನೆಸದೆ ರಾಟೆಗೆ ಹಾಕಿದರೆ ಕೈ ಕೊಯ್ಯುತ್ತದೆ ಎಂದು ಸೊಸೆ ಅದನ್ನು ಬಾನಿಯಲ್ಲಿ ಮುಳುಗಿಸಿಟ್ಟಿದ್ದಳು. ಇವತ್ತು ಬೆಳಿಗ್ಗೆ ನಾನು ಬಾವಿಕಟ್ಟೆಯ ಮೇಲೆ ಕೂತು ಬೇವಿನ ಕಡ್ಡಿ ಜಗಿಯುತ್ತಿದ್ದೆ. ಅವಳು ಹಗ್ಗ ಎತ್ತಿ ಹಿಂಡಿದಾಗ ನೆನೆದ ನಾರಿನ ವಾಸನೆ ಬಂತು ನೋಡಿ, ಕಡ್ಡಿ ಬಾಯಲ್ಲೇ ಉಳಿಯಿತು. ಅದು ಬಾವಿಯ ವಾಸನೆಯಲ್ಲ, ಆಗಬೋಟಿನ ವಾಸನೆ. ಸ್ಟೀಮರಿಗೆ ನಮ್ಮ ಕಡೆ ಆಗ ಅದೇ ಹೆಸರು. ನಮ್ಮೂರು ಮೂಡಲಗಿಯ ಮಂದಿಗೆ ಸಮುದ್ರವೆಂದರೆ ಉಪ್ಪು ಬರುವ ಜಾಗ, ಅಷ್ಟೆ. ನಾನಾದರೋ ಒಮ್ಮೆ ಅದರ ಮೇಲೆ ಕೂತು ಹೋದವನು. ನಂಬದಿದ್ದರೆ ಕೊಣ್ಣೂರಿನ ಬಾಳಪ್ಪನನ್ನು ಕೇಳಿರಿ.

ಹೋದದ್ದು ನಾಲ್ವರು. ಗೋಕಾಕದ ಸಾಲೆಯಲ್ಲಿ ಒಂದೇ ಸಾಲಿನಲ್ಲಿ ಕೂತು ಏಳನೆಯ ಇಯತ್ತೆಯ ಮುಲ್ಕಿ ಪರೀಕ್ಷೆ ಕಟ್ಟಿದವರು. ಬಾಳಪ್ಪ ಕುರುಬರವನು, ಅವನ ಮನೆಯಲ್ಲಿ ಕುರಿ, ಉಣ್ಣೆ, ಕಂಬಳಿ. ಆಳು ಬಾಗಿಲಿಗೆ ತಲೆ ತಗ್ಗಿಸಿಯೇ ಒಳಗೆ ಬರಬೇಕು, ಅಷ್ಟೆತ್ತರ. ಗೋವಿಂದರಾವ್ ಗೋಕಾಕದವನೇ, ಬ್ರಾಹ್ಮಣ, ಪಾಸಾದವನು ಕಚೇರಿಯಲ್ಲಿ ಕಾರಕೂನನಾಗಿ ಸೇರಿಕೊಂಡಿದ್ದ. ಹುಕ್ಕೇರಿಯ ಶಿವಬಸಪ್ಪ ಬೆಲ್ಲದ ವ್ಯಾಪಾರಸ್ಥರ ಮನೆಯವನು. ನಾಲ್ಕನೆಯವನು ನಾನು, ಅರಿವೆ ಅಂಗಡಿಯವನು. ಪರೀಕ್ಷೆಯಲ್ಲಿ ನನಗೆಷ್ಟು ಮಾರ್ಕು ಬಂದವೆಂದು ದಯವಿಟ್ಟು ಕೇಳಬೇಡಿರಿ. ಅರಿವೆ ಹರಿಯುವುದಕ್ಕೆ ಅಷ್ಟು ವಿದ್ಯೆ ಸಾಕಾಗಿತ್ತು.

ಶಿವಬಸಪ್ಪನ ಬಗ್ಗೆ ಇನ್ನಷ್ಟು ಹೇಳಬೇಕು. ಅವನೂ ನಾನೂ ಇಬ್ಬರೂ ಲಿಂಗವಂತರು. ಹುಟ್ಟಿದಾಗ ಗುರು ಕೊರಳಿಗೆ ಕಟ್ಟಿದ ಇಷ್ಟಲಿಂಗವನ್ನು ಸಾಯುವ ತನಕ ಮೈಮೇಲಿಂದ ಇಳಿಸದವರು. ದಿನಾ ಬೆಳಿಗ್ಗೆ ಮಿಂದು, ಲಿಂಗವನ್ನು ಎಡಗೈ ಅಂಗೈಯಲ್ಲಿಟ್ಟು ಪೂಜಿಸಿದ ಮೇಲೆಯೇ ಬಾಯಿಗೆ ನೀರು. ಆದರೆ ನನ್ನ ಪೂಜೆ ಕೋಳಿ ನೀರು ಕುಡಿದಂತೆ. ಒಮ್ಮೆ ಕೆಳಗೆ ನೋಡು, ಒಮ್ಮೆ ಮೇಲೆ ನೋಡು, ಮುಗಿಯಿತು. ಅವನದು ಹಾಗಲ್ಲ. ಕೂತನೆಂದರೆ ಪಕ್ಕದಲ್ಲಿ ಮನೆ ಬಿದ್ದರೂ ಏಳುವವನಲ್ಲ. ಪರೀಕ್ಷೆಯ ದಿನ ಗಂಟೆ ಬಾರಿಸಿದ ಮೇಲೆ ವಿಭೂತಿಯ ಹಣೆಯಲ್ಲಿ ಶಾಂತವಾಗಿ ಬಂದು ಕೂತು, ನಮಗಿಂತ ಮೊದಲು ಬರೆದು ಮುಗಿಸಿ ಎದ್ದು ಹೋಗಿದ್ದ. ಅವನನ್ನು ನಾವು ಅಯ್ಯಾ, ಅಯ್ಯಾ ಎಂದು ಚೇಷ್ಟೆ ಮಾಡುತ್ತಿದ್ದೆವು. ಅವನಿಗೆ ಅದರಿಂದ ಬೇಸರವೇನೂ ಆಗುತ್ತಿರಲಿಲ್ಲ.

ಆಗಬೋಟಿನ ಹುಚ್ಚು ಹಿಡಿದದ್ದು ಗೋವಿಂದರಾಯನಿಗೆ. ಕಚೇರಿಗೆ ನಾತಾಳದ ಸೂಟಿ ಇತ್ತು, ಅಂದರೆ ಕ್ರಿಸ್ಮಸ್ ರಜೆ. ಬೆಳಗಾವಿಗೆ ರೈಲಿನಲ್ಲಿ ಹೋಗಿ, ಅಲ್ಲಿಂದ ಘಟ್ಟ ಇಳಿದು ವೆಂಗುರ್ಲೆಗೆ ಸೇರಿ, ಅಲ್ಲಿ ಬೋಟು ಹತ್ತಿದರೆ ಬಂದರಿನಿಂದ ಬಂದರಿಗೆ ನಿಲ್ಲುತ್ತ ಮುಂಬಯಿಗೆ ಮುಟ್ಟಿಸುತ್ತದೆ ಎಂದು ನಮ್ಮೆದುರು ನೆಲದ ಮೇಲೆ ಇದ್ದಿಲಿನಿಂದ ಗೀಟು ಎಳೆದು ತೋರಿಸಿದ. ಅವನು ಮುಂಬಯಿ ಕಂಡವನಲ್ಲ. ಆದರೆ ಯಾವ ರಸ್ತೆಯಲ್ಲಿ ಯಾವ ಗಡಿಯಾರದ ಗೋಪುರವಿದೆ, ಯಾವ ಬಾಗಿಲು ಸಮುದ್ರಕ್ಕೆ ಮುಖ ಮಾಡಿದೆ ಎಂಬುದೆಲ್ಲ ಅವನಿಗೆ ಬಾಯಿಪಾಠ. ವರ್ಷಗಟ್ಟಲೆ ಅದೊಂದನ್ನೇ ಕನವರಿಸುತ್ತಿದ್ದ. ನಮ್ಮ ತಾಯಿ ಮಾತ್ರ, ಘಟಪ್ರಭೆಗೆ ಮಹಾಪೂರ ಬಂದಾಗ ಮಾಳಿಗೆ ಹತ್ತಿ ಕೂಡುವ ಮಗ ಸಮುದ್ರದ ಮೇಲೆ ಹೇಗೆ ಕೂಡುತ್ತಾನೆಂದು ಊರೆಲ್ಲ ಹೇಳಿಕೊಂಡು ಬಂದಳು. ಅವಳ ಮಾತಿನಲ್ಲಿ ಸುಳ್ಳಿರಲಿಲ್ಲ.

ಹೊರಟೆವು. ಕಟಿರೊಟ್ಟಿ, ಶೇಂಗಾ ಹಿಂಡಿ, ಒಂದು ಡಬ್ಬಿ ತುಂಬ ಕರದಂಟು. ಬಾಳಪ್ಪನ ಹೆಗಲ ಮೇಲೆ ಕಂಬಳಿ. ಕೊಂಕಣದ ಸೆಖೆಯಲ್ಲಿ ಅದೇಕೆಂದು ಕೇಳಿದರೆ, ಕಂಬಳಿ ಬಿಟ್ಟು ನಡೆದರೆ ಬೆತ್ತಲೆ ಹೋದಂತಾಗುತ್ತದೆ ಎಂದ. ವೆಂಗುರ್ಲೆಯಲ್ಲಿ ಮೊದಲ ಸಲ ಸಮುದ್ರ ಕಂಡೆವು. ನಾನು ಗೋಕಾಕದ ಜಲಪಾತದಂತಹದ್ದೇನೋ ಇರಬೇಕು, ಅದರದೇ ದೊಡ್ಡಣ್ಣ, ಎಂದುಕೊಂಡು ಹೋಗಿದ್ದೆ. ಇದು ಎಲ್ಲಿಂದಲೂ ಬೀಳದೆ, ಎಲ್ಲಿಗೂ ಹೋಗದೆ ಸುಮ್ಮನೆ ಅಲ್ಲೇ ಇತ್ತು. ದೂರದಲ್ಲಿ ನಿಂತ ಆಗಬೋಟಿಗೆ ಸಣ್ಣ ಪಡಾವಿನಲ್ಲಿ ನಮ್ಮನ್ನು ಒಯ್ದರು. ಹಗ್ಗ ಹಿಡಿದು ಏಣಿ ಹತ್ತುವಾಗ ನನ್ನ ಧೋತರ ಬಿಚ್ಚಿದ್ದನ್ನೂ, ಕೆಳಗಿನಿಂದ ಬಾಳಪ್ಪ ಅದನ್ನು ಹಿಡಿದು ಮಾನ ಕಾಯ್ದದ್ದನ್ನೂ ಈ ವಯಸ್ಸಿನಲ್ಲಿ ಬರೆಯಲು ನಾಚಿಕೆಯೇನೂ ಇಲ್ಲ.

ಆ ಸಂಜೆಯಷ್ಟು ಸುಖವಾದ ಸಂಜೆ ನನ್ನ ಬಾಳಿನಲ್ಲಿ ಹೆಚ್ಚಿಲ್ಲ. ಬೋಟಿನ ಮೇಲಟ್ಟದ ಮೇಲೆ ಕಂಬಳಿ ಹಾಸಿ ನಾಲ್ವರೂ ಕೂತೆವು. ಸೂರ್ಯ ನೀರಿಗೆ ಇಳಿಯುವುದನ್ನು ನೋಡಿ, ಅಲ್ಲಿ ಚೊಂಯ್ ಎಂದು ಸಪ್ಪಳವಾಗುತ್ತದೇನೋ ಎಂದು ನಾನು ಕಿವಿಗೊಟ್ಟೆ. ಗೋವಿಂದರಾಯ ತನ್ನ ಮುಂಬಯಿಯನ್ನು ಬಿಡಿಸಿ ಬಿಡಿಸಿ ಹೇಳಿದ. ಶಿವಬಸಪ್ಪ ಹೆಚ್ಚು ಮಾತಿನವನಲ್ಲ. ಕೇಳುತ್ತ, ನಗುತ್ತ, ಕರದಂಟಿನ ಡಬ್ಬಿಯನ್ನು ಮುಂಬಯಿಯಲ್ಲೇ ಬಿಚ್ಚತಕ್ಕದ್ದೆಂದು ನನ್ನ ಕೈಯಿಂದ ಕಸಿದು ತನ್ನ ಗಂಟಿನಲ್ಲಿಟ್ಟುಕೊಂಡ. ಬೋಟು ಮಗುವಿನ ತೊಟ್ಟಿಲಿನಂತೆ ತೂಗುತ್ತಿತ್ತು. ಎಲ್ಲರಿಗೂ ಒಳ್ಳೆಯ ನಿದ್ದೆ ಬಂತು.

ಬೆಳಗಾಗುವ ಹೊತ್ತಿಗೆ ಬೋಟು ಒಂದು ಸಣ್ಣ ಬಂದರಿನೆದುರು ಲಂಗರು ಹಾಕಿ ನಿಂತಿತ್ತು. ಸರಕು ಇಳಿಸುತ್ತಿದ್ದರು. ನೀರು ಕೆರೆಯಂತೆ ಶಾಂತ. ಶಿವಬಸಪ್ಪ ಮೂಲೆಯಲ್ಲಿ ತಂಬಿಗೆ ನೀರಿನಲ್ಲಿ ಮೈ ತೊಳೆದು, ಊರಿಂದ ತಂದ ಮಣೆ ಹಾಕಿಕೊಂಡು, ಮೂಡಣಕ್ಕೆ ಮುಖ ಮಾಡಿ ಪೂಜೆಗೆ ಕೂತ. ಕೊರಳ ಕರಡಿಗೆಯಿಂದ ಲಿಂಗವನ್ನು ತೆಗೆದು ಅಂಗೈಯಲ್ಲಿಟ್ಟು, ಒಯ್ದಿದ್ದ ಪತ್ರಿ ಏರಿಸಿ, ದೃಷ್ಟಿ ನೆಟ್ಟ. ನಾನು ಆಗಲೇ ನನ್ನ ಕೋಳಿಪೂಜೆ ಮುಗಿಸಿ ಕರಡಿಗೆ ಮುಚ್ಚಿಯಾಗಿತ್ತು.

ನಮ್ಮಂಥ ಬಯಲಸೀಮೆಯವರು ಮಾತ್ರ ಮಾಡುವ ತಪ್ಪು ಅದು. ಕೂತ ನೆಲ ಕೂತಲ್ಲೇ ಇರುತ್ತದೆಂದು ನಮ್ಮ ನಂಬಿಕೆ. ನಮ್ಮ ಅಜ್ಜ ಮುತ್ತಜ್ಜರೆಲ್ಲ ಅಲ್ಲಾಡದ ನೆಲದ ಮೇಲೆ ಅಂಗೈ ಚಾಚಿ ಕೂತವರು. ಸೀಟಿ ಕೂಗಿತು, ಲಂಗರಿನ ಸರಪಳಿ ಗಡಗಡ ಎದ್ದಿತು. ಒಬ್ಬ ಖಲಾಸಿ ಬಂದು ಮರಾಠಿಯಲ್ಲಿ, ಮಹಾರಾಜರೇ, ಬೋಟು ತಿರುಗುತ್ತದೆ, ಏನಾದರೂ ಹಿಡಿದುಕೊಳ್ಳಿರಿ ಎಂದ. ಪೂಜೆಯಲ್ಲಿ ಕೂತವನನ್ನು ಎಬ್ಬಿಸುವ ರೂಢಿ ನಮ್ಮಲ್ಲಿಲ್ಲ, ಯಾರೂ ಎಬ್ಬಿಸಲಿಲ್ಲ. ಬಂದರಿನ ಮರೆಯಿಂದ ಹೊರಬಿದ್ದ ಬೋಟು ಒಮ್ಮೆಲೆ ಮಗ್ಗುಲಾಯಿತು. ಮಣೆ ಜಾರಿತು. ಶಿವಬಸಪ್ಪ ಬೀಳುವವನು ಎಡಗೈ ಊರಿದ.

ಲಿಂಗ ಹಲಗೆಯ ಮೇಲೆ ಬಿತ್ತು. ಉರುಳಿತು. ಬಾಳಪ್ಪ ಅಡ್ಡ ಬಿದ್ದು ಕೈ ಚಾಚಿದ. ಅವನ ಬೆರಳ ತುದಿ ದಾಟಿ, ನೀರು ಹರಿದುಹೋಗಲು ಅಂಚಿನಲ್ಲಿ ಬಿಟ್ಟ ಕಿಂಡಿಯಿಂದ ಹೊರಗೆ ಹೋಯಿತು. ಕಂಬಿ ಹಿಡಿದು ಬಗ್ಗಿ ನೋಡಿದೆವು. ನೋಡುವುದಕ್ಕೆ ಅಲ್ಲಿ ಏನಿತ್ತು? ಒಂದು ಪತ್ರಿ ಮಾತ್ರ ಹಲಗೆಯ ಮೇಲೆ ಉಳಿದಿತ್ತು.

ಓದುವ ನಿಮಗೆ ಇದು ಎಷ್ಟು ದೊಡ್ಡ ಮಾತೆಂದು ಗೊತ್ತಿದ್ದೀತು, ಇಲ್ಲದಿದ್ದೀತು. ನಮ್ಮಲ್ಲಿ ಲಿಂಗವೆಂದರೆ ಪ್ರಾಣ. ಅದು ಹೋದರೆ ಪ್ರಾಣವನ್ನೂ ಇಟ್ಟುಕೊಳ್ಳಬಾರದೆಂಬುದು ಹಳೆಯವರ ಮಾತು. ಹಾಗೆ ಜೀವ ಬಿಟ್ಟವರ ಕಥೆಗಳನ್ನು ಕೇಳುತ್ತಲೇ ನಾವು ಬೆಳೆದದ್ದು. ಕಾಲ ಬದಲಾಗಿತ್ತು ಅನ್ನಿ. ಗುರುವಿನ ಹತ್ತಿರ ಹೋಗಿ ಮತ್ತೊಮ್ಮೆ ಪಡೆದವರೂ ಇದ್ದರು. ಆದರೆ ಗುರು ಕೊಡುತ್ತಾನೋ ಇಲ್ಲವೋ ಎಂಬುದು ಗುರುವಿಗೆ ಬಿಟ್ಟದ್ದು. ಅಲ್ಲಿಯ ತನಕ ಲಿಂಗವಿಲ್ಲದ ಮೈಗೆ ಅನ್ನವಿಲ್ಲ, ನೀರಿಲ್ಲ.

ಶಿವಬಸಪ್ಪ ಅಳಲಿಲ್ಲ. ತನ್ನ ಎಡಗೈಯನ್ನೇ ನೋಡುತ್ತ ಕೂತ. ನಾನು ಹತ್ತಿರ ಹೋಗಿ ಹೆಗಲ ಮೇಲೆ ಕೈಯಿಡಲು ಹೋದೆ. ಅವನು ಹಿಂದೆ ಸರಿದ.

"ನೀ ಮುಟ್ಟಬ್ಯಾಡ. ನಿನ್ನ ಎದಿ ಮ್ಯಾಲ ಲಿಂಗ ಐತಿ."

ನನಗೆ ಆ ಮಾತು ನಾಟಿತು. ಅಂಗಿಯೊಳಗಿನ ಕರಡಿಗೆ ಅಲ್ಲಿದೆಯೆಂದೇ ನನಗೆ ಅದುವರೆಗೆ ನೆನಪಿರುತ್ತಿರಲಿಲ್ಲ. ಈಗ ಅದು ಕಲ್ಲಿನಂತೆ ಭಾರವಾಯಿತು. ಅವನು ಮುಟ್ಟಗೊಟ್ಟದ್ದು ಬಾಳಪ್ಪನಿಗೆ ಮಾತ್ರ. ಬಾಳಪ್ಪ ಅವನ ಮತ್ತು ಕಂಬಿಯ ನಡುವೆ ಬಂದು ಕೂತು, ಅವನ ಮಣಿಕಟ್ಟನ್ನು ತನ್ನ ಮುಷ್ಟಿಯಲ್ಲಿ ಹಿಡಿದುಕೊಂಡ. ಯಾಕೆ ಅಲ್ಲಿಯೇ ಕೂತನೆಂದು ನಮ್ಮಿಬ್ಬರಿಗೂ ತಿಳಿಯಿತು. ಶಿವಬಸಪ್ಪನಿಗೂ ತಿಳಿದಿರಬೇಕು. ಆಮೇಲೆ ಅವನು ಬಾಳಪ್ಪನಿಗೆ ಹೇಳಿದ ಮಾತು ಇದು.

"ಬೀಳಬಾರದಂತ ಕೈ ಊರಿದ್ನೋ. ನನ್ನ ಉಳಿಸ್ಕೊಂಡು ಅದನ್ನ ಬಿಟ್ಟೆ."

ಕೈ ತಾನಾಗಿ ಊರುತ್ತದೆ, ಅದು ಮೈಯ ಗುಣ, ಮನಸ್ಸಿನದಲ್ಲ ಎಂದು ನಾನು ವಾದ ಮಾಡಿದೆ. ಬಾಳಪ್ಪ ವಾದ ಮಾಡಲಿಲ್ಲ. ಹಿಡಿದ ಕೈ ಬಿಡಲಿಲ್ಲ.

ಗೋವಿಂದರಾಯ ಎದ್ದು ಹೋಗಿ ಬೋಟಿನ ಅಧಿಕಾರಿಯೊಡನೆ ಮಾತಾಡಿ ಬಂದ. ಮಧ್ಯಾಹ್ನಕ್ಕೆ ರತ್ನಾಗಿರಿ ಬರುತ್ತದೆ, ಅಲ್ಲಿ ಇಳಿದರೆ ಅಂಬಾ ಘಟ್ಟ ಹತ್ತಿ ಕೊಲ್ಹಾಪುರಕ್ಕೆ ಮೋಟಾರು ಹೋಗುತ್ತದೆ, ಕೊಲ್ಹಾಪುರದಿಂದ ಹುಕ್ಕೇರಿ ನಮ್ಮ ಅಂಗಳವಿದ್ದಂತೆ ಎಂದ. ಮುಂಬಯಿಯಲ್ಲಿಯೂ ಲಿಂಗ ಕಟ್ಟುವ ನಮ್ಮ ಕಡೆಯ ಅಯ್ಯನವರು ಸಿಕ್ಕಾರು, ಎರಡು ದಿನ ತಡೆದರೆ ನೀನು ಕನವರಿಸಿದ ಊರು ನೋಡಿದಂತೆಯೂ ಆದೀತು ಎಂದು ನಾನು ಮೆಲ್ಲಗೆ ಅಂದೆ. ಗೋವಿಂದರಾಯ ತಲೆ ಅಲ್ಲಾಡಿಸಿದ.

"ಅವನ ಗುರು ಹುಕ್ಕೇರ್ಯಾಗ ಇದ್ದಾರ. ಮುಂಬೈ ಎಲ್ಲಿ ಓಡಿ ಹೋಗ್ತದ?"

ಹೇಳಿ, ಅವನೇ ನಾಲ್ವರ ಗಂಟುಗಳನ್ನು ಕಟ್ಟಿದ. ರತ್ನಾಗಿರಿಯಲ್ಲಿ ಪಡಾವಿಗೆ ಇಳಿದ ಮೇಲೆ, ನಮ್ಮನ್ನು ಬಿಟ್ಟು ಹೊಗೆ ಕಾರುತ್ತ ಉತ್ತರಕ್ಕೆ ಹೊರಟ ಆಗಬೋಟನ್ನು ಅವನು ತಿರುಗಿಯೂ ನೋಡಲಿಲ್ಲ. ಮುಂದೆ ಅವನಿಗೆ ದೂರದ ಊರುಗಳಿಗೆ ವರ್ಗವಾಯಿತು. ಅವನು ಎಂದಾದರೂ ಮುಂಬಯಿ ಕಂಡನೋ ಇಲ್ಲವೋ ನನಗೆ ತಿಳಿಯದು. ಕೇಳುವ ಧೈರ್ಯ ನನಗಾಗಲಿಲ್ಲ.

ಉಪವಾಸದ ಮಾತಿಗೆ ಬರುತ್ತೇನೆ. ಶಿವಬಸಪ್ಪ ನೀರು ಸಹ ಮುಟ್ಟಲಿಲ್ಲ. ನೀವು ಉಣ್ಣಿರಿ, ನನ್ನ ಸಲುವಾಗಿ ಹಸಿದಿರಬೇಡಿರಿ ಎಂದು ನಮಗೆ ಮೇಲಿಂದ ಮೇಲೆ ಹೇಳುತ್ತಿದ್ದ. ಹೂಂ, ಉಣ್ಣುತ್ತೇವೆ ಎಂದು ನಾವು ರೊಟ್ಟಿಯ ಗಂಟು ಹಿಡಿದು ಮರೆಗೆ ಹೋಗುವುದು, ಸ್ವಲ್ಪ ಹೊತ್ತು ನಿಂತು ಬಾಯಿ ಒರೆಸಿಕೊಂಡು ಬರುವುದು. ಮೂವರೂ ಮಾತಾಡಿಕೊಂಡು ಹೀಗೆ ಮಾಡಿದ್ದಲ್ಲ. ಮೊದಲ ಸಲ ಗಂಟು ಬಿಚ್ಚಿದಾಗ ಬಾಳಪ್ಪ ರೊಟ್ಟಿ ಮುರಿದು, ಕೈಯಲ್ಲಿ ಹಿಡಿದು ನೋಡಿ, ಮತ್ತೆ ಒಳಗಿಟ್ಟ. ಗೋವಿಂದರಾಯ ಗಂಟು ಕಟ್ಟಿದ. ಅಷ್ಟೇ ನಡೆದದ್ದು. ನೀರು ಕುಡಿದೆವು, ಅದನ್ನು ಮುಚ್ಚಿಡಲಾರೆ. ನಾನೋ ಹುಟ್ಟಿನಿಂದ ಹಸಿವೆ ತಾಳದವನು. ಏಕಾದಶಿ ಶಿವರಾತ್ರಿಗಳನ್ನು ದೂರದಿಂದಲೇ ನಮಸ್ಕರಿಸಿ ಬಿಟ್ಟವನು. ಕೊಲ್ಹಾಪುರದ ಮೋಟಾರು ನಿಲ್ದಾಣದಲ್ಲಿ ಯಾರೋ ಬಜಿ ಕರಿಯುತ್ತಿದ್ದರು, ಆ ಎಣ್ಣೆಯ ಘಮಕ್ಕೆ ನನ್ನ ಕಣ್ಣಲ್ಲಿ ನೀರು ಬಂತು. ಶಿವಬಸಪ್ಪ ಅದನ್ನು ತನ್ನ ಸಲುವಾಗಿ ಬಂದ ನೀರೆಂದು ತಿಳಿದು ಮುಖ ತಿರುಗಿಸಿದ.

ಸಂಕೇಶ್ವರದಲ್ಲಿ ಬೆಲ್ಲದ ಪೇಟೆಯ ಪರಿಚಯದವರೊಬ್ಬರು ಎದುರಾಗಿ ಶರಣ್ರೀ ಎಂದರು. ಶರಣು ಎನ್ನಲು ಶಿವಬಸಪ್ಪನ ಬಾಯಿ ಏಳಲಿಲ್ಲ. ಬಾಳಪ್ಪನ ಕಂಬಳಿಯನ್ನು ಎದೆಯ ಮೇಲೆ ಎಳೆದುಕೊಂಡು ನಿಂತ. ಜ್ವರ ಬಂದಿದೆಯೇನು ಎಂದು ಅವರು ಕೇಳಿದರು. ಹೌದೆಂದು ನಾನು ಹೇಳಿದೆ. ಅಲ್ಲಿಂದ ಹುಕ್ಕೇರಿಯ ತನಕ ಚಕ್ಕಡಿಯಲ್ಲಿ ಅವನು ಬಾಳಪ್ಪನ ತೊಡೆಯ ಮೇಲೆ ತಲೆಯಿಟ್ಟು ಮಲಗಿಯೇ ಬಂದ. ತುಟಿ ಒಡೆದು ಬೆಳ್ಳಗಾಗಿದ್ದವು. ಈ ಮನುಷ್ಯ ಸಾಯುತ್ತಾನೆ, ನಮ್ಮ ಕಣ್ಣೆದುರೇ ಸಾಯುತ್ತಾನೆ ಎಂದು ನನಗೆ ಅನ್ನಿಸಿತು.

ಮನೆಗೆ ಹೋಗಲು ಅವನು ಒಪ್ಪಲಿಲ್ಲ. ನೆಟ್ಟಗೆ ಮಠಕ್ಕೆ ಹೋದೆವು. ಅವರ ಮನೆತನದ ಗುರುಗಳು ಬಹಳ ವಯಸ್ಸಾದವರು, ಊರೆಲ್ಲ ಅಜ್ಜಾರು ಎಂದೇ ಕರೆಯುವುದು. ನೇಮದಲ್ಲಿ ಕಟ್ಟುನಿಟ್ಟು ಎಂದು ಅವರಿಗೆ ಹೆಸರಿತ್ತು. ಕಟ್ಟೆಯ ಮೇಲೆ ಬಿಸಿಲಿಗೆ ಕೂತಿದ್ದರು. ಶಿವಬಸಪ್ಪ ದೂರದಲ್ಲಿಯೇ ನೆಲಕ್ಕೆ ಹಣೆಯಿಟ್ಟು, ನಡೆದದ್ದನ್ನು ಒಂದೂ ಬಿಡದೆ ಹೇಳಿದ. ಕೈ ಊರಿದ್ದನ್ನೂ ಹೇಳಿದ. ತನ್ನ ಪರವಾಗಿ ಒಂದು ಮಾತನ್ನೂ ಸೇರಿಸಲಿಲ್ಲ. ಅಜ್ಜಾರು ಕಣ್ಣು ಮುಚ್ಚಿಕೊಂಡು ಕೇಳಿದರು. ಕೇಳಿ ಮುಗಿದ ಮೇಲೂ ಕಣ್ಣು ತೆರೆಯಲಿಲ್ಲ.

"ಲಿಂಗ ಹೋದ ಮ್ಯಾಲ ಪ್ರಾಣ ಇಟ್ಕೋಬಾರ್ದಂತ ಹಿಂದಿನವರು ಹೇಳ್ಯಾರ. ಅದು ನಿನಗೂ ಗೊತ್ತೈತಿ."

ಶಿವಬಸಪ್ಪ, ಗೊತ್ತೈತ್ರೀ ಎಂದ. ಎರಡು ದಿನ ಘಟ್ಟ ಹತ್ತಿ ನಾವು ಇವನನ್ನು ಇದನ್ನು ಕೇಳಿಸಲಿಕ್ಕೆ ಕರೆತಂದೆವೇ ಎನ್ನಿಸಿ ನನಗೆ ಆ ಮುದುಕರ ಮೇಲೆ ಸಿಟ್ಟು ಬಂತು. ಅವರು ಕಣ್ಣು ತೆರೆದು, ಶಿವಬಸಪ್ಪನನ್ನು ದಾಟಿ, ಬಾಗಿಲ ಹತ್ತಿರ ನಿಂತ ಬಾಳಪ್ಪನನ್ನು ನೋಡಿದರು.

"ನೀ ಯಾರಪಾ?"

"ಕೊಣ್ಣೂರವ್ರೀ ಅಜ್ಜಾರ. ಕುರುಬರಾಂವ."

"ಮಾರಿ ಯಾಕ ಬತ್ತೈತಿ? ಉಂಡಿಲ್ಲೇನು?"

ಬಾಳಪ್ಪ ನಮ್ಮನ್ನು ನೋಡಿದ. ಮಠದಲ್ಲಿ ನಿಂತು ಸುಳ್ಳು ಹೇಳುವ ಪೈಕಿಯವನಲ್ಲ ಅವನು. ಇಲ್ರೀ ಎಂದ. ಯಾಕೆಂದು ಅಜ್ಜಾರು ಕೇಳಿದರು.

"ಅವಾ ಉಂಡಿಲ್ಲಲ್ರೀ."

ಅಜ್ಜಾರು ಗೋವಿಂದರಾಯನನ್ನು ನೋಡಿದರು, ನನ್ನನ್ನು ನೋಡಿದರು. ನಾವೂ ಯಾರು ಯಾರೆಂದು ಹೇಳಿ ತಲೆ ತಗ್ಗಿಸಿದೆವು. ಅಷ್ಟು ಹೊತ್ತು ಒಣ ಮರದಂತಿದ್ದ ಶಿವಬಸಪ್ಪ ಹಿಂದೆ ತಿರುಗಿ, "ಸುಳ್ಳ ಹೇಳಿದ್ರೇನಲೇ ಮೂವರೂ" ಎಂದು ಕೇಳಿ, ಎರಡೂ ಕೈಯಲ್ಲಿ ಮುಖ ಮುಚ್ಚಿಕೊಂಡು ಅತ್ತ. ಬೋಟಿನಲ್ಲಿ ಅಳದವನು ಅಲ್ಲಿ ಅತ್ತ. ಅವನ ಅಳು ಇಳಿಯಿತು. ಆಮೇಲೆ ಅಜ್ಜಾರು, ಯಾರಿಗೆ ಹೇಳುತ್ತಿದ್ದಾರೆಂದು ತಿಳಿಯದಷ್ಟು ಮೆಲ್ಲಗೆ ಹೇಳಿದರು.

"ಒಬ್ಬಾಂವ ಕುರುಬರಾಂವ, ಒಬ್ಬಾಂವ ಬ್ರಾಹ್ಮಣ, ಒಬ್ಬಾಂವ ಅಂಗಡಿಕಾರ. ಇವನ ಸಲುವಾಗಿ ಹಸದ ನಿಂತಾರ. ಇವಗ ಲಿಂಗ ಇಲ್ಲಂತ ನಾ ಯಾವ ಬಾಯಿಲೆ ಹೇಳ್ಲಿ?"

ಆವತ್ತೇ ಅವನಿಗೆ ಮೀಸಿ, ವಿಭೂತಿ ಹಚ್ಚಿ, ಹೊಸ ಲಿಂಗವನ್ನು ಅವರೇ ಕೈಯಾರೆ ಅವನ ಅಂಗೈಯಲ್ಲಿಟ್ಟರು. ಆಮೇಲೆ ನಾಲ್ವರನ್ನೂ ಒಂದೇ ಸಾಲಿನಲ್ಲಿ ಕೂಡಿಸಿ ಎಲೆ ಹಾಕಿಸಿದರು. ಜೋಳದ ನುಚ್ಚು, ಕಟ್ಟಿನ ಸಾರು. ಗೋವಿಂದರಾಯ ಒಂದು ಕ್ಷಣ ಎಲೆಯನ್ನು ನೋಡಿ, ಚಿತ್ರಾಹುತಿ ಇಟ್ಟು, ಉಣ್ಣತೊಡಗಿದ. ಇದು ಅವನ ತಾಯಿಗೆ ಗೊತ್ತಾಗಿದ್ದರೆ ಅವನ ಗತಿ ಬೇರೆ ಆಗುತ್ತಿತ್ತು. ನಾನು ಎಷ್ಟು ಸಲ ನುಚ್ಚು ಹಾಕಿಸಿಕೊಂಡೆನೆಂದರೆ, ಬಡಿಸುವ ಅಯ್ಯ ಕಡೆಗೆ ಪಾತ್ರೆಯನ್ನೇ ನನ್ನ ಮುಂದೆ ಇಟ್ಟು ಹೋದ.

ಆ ಮೇಲೆ ವರ್ಷಗಳು ಹೋದವು. ಶಿವಬಸಪ್ಪ ಬೆಲ್ಲದ ವ್ಯಾಪಾರ ನೋಡಿಕೊಂಡ, ಮಕ್ಕಳ ಮದುವೆ ಮಾಡಿದ. ಆ ಪ್ರಯಾಣದ ಮಾತು ಅವನೂ ಎತ್ತಲಿಲ್ಲ, ನಾವೂ ಎತ್ತಲಿಲ್ಲ. ಯಾರಾದರೂ ಕೇಳಿದರೆ, ಸೂಟಿಯಲ್ಲಿ ಬೋಟಿನ ಮಜಾ ಮಾಡಲು ಹೋಗಿ ವಾಂತಿ ತಾಳಲಾರದೆ ಅರ್ಧಕ್ಕೆ ಬಂದೆವು ಎಂದು ನಾನು ನಗೆಯಾಡಿ ಮುಗಿಸುತ್ತಿದ್ದೆ.

ಹೋದ ತಿಂಗಳು ಅವನು ತೀರಿಕೊಂಡ. ಸುದ್ದಿ ಬಂದಾಗ ನಾನೂ ಬಾಳಪ್ಪನೂ ಕೂಡಿಯೇ ಹುಕ್ಕೇರಿಗೆ ಹೋದೆವು. ನಮ್ಮಲ್ಲಿ ಸುಡುವುದಿಲ್ಲ, ಕುಣಿಯೊಳಗೆ ಕೂಡಿಸಿ, ಎಡಗೈ ಅಂಗೈಯಲ್ಲಿ ಲಿಂಗವಿಟ್ಟು, ಮೇಲೆ ವಿಭೂತಿ, ಪತ್ರಿ, ಮಣ್ಣು. ಕುಣಿಗೆ ಇಳಿದಿದ್ದ ಅಯ್ಯ ಹರೆಯದವನು. ಪದ್ಧತಿಯಂತೆ ಲಿಂಗವನ್ನು ತೆರೆದ ಅಂಗೈಯ ಮೇಲಿಟ್ಟು, ಮಣ್ಣಿಗೆ ಸನ್ನೆ ಮಾಡಲು ಮೇಲೆ ನೋಡಿದ. ಆಗ ಜನರ ಹಿಂದೆ ನಿಂತಿದ್ದ ಬಾಳಪ್ಪ ಎಲ್ಲರನ್ನೂ ಸರಿಸಿಕೊಂಡು ಕುಣಿಯ ಅಂಚಿಗೆ ಬಂದ. ಅವನು ಈಗ ಬಾಗಿ ನಡೆಯುತ್ತಾನೆ.

"ಅಯ್ಯಾರ, ಬೆರಳ ಮುಚ್ಚರಿ."

ಅಯ್ಯನಿಗೆ ತಿಳಿಯಲಿಲ್ಲ. ಹಾಗೆ ರೂಢಿಯಿಲ್ಲ ಎಂದು ಯಾರೋ ಹಿರಿಯರು ಅಂದರು. ಬೇರೆ ಜಾತಿಯವನಿಗೇಕೆ ಈ ಮಾತು ಎಂದು ಇನ್ನೊಬ್ಬರು. ನಾನು ಮುಂದೆ ಬಂದು, ಮುಚ್ಚರಿ ಅಯ್ಯಾರ, ನಾನೂ ಹೇಳುತ್ತೇನೆ, ಮುಚ್ಚರಿ ಎಂದೆ. ಅಯ್ಯ ಒಂದೊಂದಾಗಿ ಬೆರಳು ಮಡಚಿದ. ಗಟ್ಟಿ ಹಿಡಿದಾನೇನ್ರೀ ಎಂದು ಬಾಳಪ್ಪ ಮೇಲಿಂದ ಕೇಳಿದ. ಹಿಡಿದಾನ್ರೀ ಎಂದ ಆ ಹುಡುಗ ಅಯ್ಯ. ಅಷ್ಟಾದ ಮೇಲೆ ಬಾಳಪ್ಪ ಮೊದಲ ಹಿಡಿ ಮಣ್ಣು ಹಾಕಿದ.

ಇವತ್ತು ಬೆಳಿಗ್ಗೆ ಬಾವಿಕಟ್ಟೆಯಿಂದ ಎದ್ದು, ಮಿಂದು, ಪೂಜೆಗೆ ಕೂತೆ. ಲಿಂಗವನ್ನು ತೆಗೆದು ಅಂಗೈಯಲ್ಲಿಟ್ಟುಕೊಂಡೆ. ಒಮ್ಮೆ ಕೆಳಗೆ ನೋಡಿದವನು ಮೇಲೆ ನೋಡುವುದನ್ನು ಮರೆತೆ. ಎಷ್ಟು ಹೊತ್ತಾಯಿತೋ, ಸೊಸೆ ಎರಡು ಸಲ ಬಂದು, ಮಾವಾರು ಇನ್ನೂ ಕೂತಿದ್ದಾರೆಂದು ಹೆದರಿ, ಮೂರನೆಯ ಸಲ ಹತ್ತಿರ ಬಂದು ಬಗ್ಗಿ ನೋಡಿದಳು. ಏನಿಲ್ಲ ತಾಯಿ, ನೀ ರೊಟ್ಟಿ ಬಡಿ ಎಂದೆ. ನನ್ನ ಬಲಗೈ ತಾನಾಗಿ ಬಂದು ಎಡಗೈಯ ಮೇಲೆ ಮುಚ್ಚಿಕೊಂಡಿತ್ತು.